ಕುರಿ ಅಜ್ಜನಿಗಾಗಿ ಹರಿಹರಕ್ಕೆ ಹೋದದ್ದು

ನಿನ್ನೆ ನಾನು ಮಾಡಿದ ಕೆಲಸಗಳನ್ನು ಹೇಳುತ್ತೇನೆ. ನಲ್ಲಿ ಬರುವ ದಿನವಾದ್ದರಿಂದ ಬೆಳಕು ಹರಿಯುವ ಮೊದಲೇ ಎದ್ದು ಕೊಡ, ಬಕೆಟ್ಟು, ಹಂಡೆ ತುಂಬಿಸಿ, ಇನ್ನೂ ನೀರು ಬರುತ್ತಿದೆಯಲ್ಲ ಎನ್ನುವ ಆಸೆಗೆ ಕುಕ್ಕರನ್ನೂ ತುಂಬಿಸಿಟ್ಟೆ. ಆಮೇಲೆ ಬೇಳೆ ಬೇಯಿಸಲು ಕುಕ್ಕರಿಲ್ಲದೆ ಅದನ್ನು ಬರಿದು ಮಾಡಿದೆ. ಅತ್ತೆಯ ಮಂಡಿಗೆ ಎಣ್ಣೆ ಹಚ್ಚಿದೆ. ರೊಟ್ಟಿ ತಟ್ಟಿ, ಬದನೆಕಾಯಿ ಎಣಗಾಯಿ ಮಾಡಿ, ಯಜಮಾನರಿಗೆ ಡಬ್ಬಿ ಕಟ್ಟಿದೆ. ಅವರು ಅದನ್ನು ಮರೆತು ಹೊರಟಾಗ ಸ್ಕೂಟರಿನ ಹಿಂದೆ ವಿನೋಬನಗರದ ತಿರುವಿನವರೆಗೆ ಓಡಿದೆ. ಶಾಲೆಯಲ್ಲಿ ಆರನೇ ತರಗತಿಗೆ ಇಂಗ್ಲಿಷ್ ಪಾಠ ಮಾಡಿದೆ. ಬರುವಾಗ ಗಿರಣಿಯಲ್ಲಿ ಬಿಟ್ಟಿದ್ದ ಜೋಳದ ಹಿಟ್ಟು ತಂದೆ. ಒಣಗಿದ ಬಟ್ಟೆ ಮಡಚಿದೆ. ಇಷ್ಟಾದ ಮೇಲೆ ಎಂಟು ಗಂಟೆಗೆ ಸೆರಗಿಗೆ ಕೈ ಒರೆಸಿಕೊಂಡು ಬ್ರಿಟನ್ನಿಗೆ ಹೋದೆ. ಈ ಕೊನೆಯ ಕೆಲಸವೊಂದು ಈಚೆಗೆ ಸೇರಿಕೊಂಡದ್ದು. ಉಳಿದವನ್ನೆಲ್ಲ ಮದುವೆಯಾದಂದಿನಿಂದ ಮಾಡಿಕೊಂಡೇ ಬಂದಿದ್ದೇನೆ.

ನಿಜವನ್ನೇ ಹೇಳಬೇಕು ಎಂದು ನಾನು ಮಕ್ಕಳಿಗೆ ಕಲಿಸುತ್ತೇನೆ. ಆದರೆ ನಿಜ ಹೇಳಿದ ಮೇಲೆ ಮನೆಯಲ್ಲಿ ಎಷ್ಟು ಕೆಲಸ ಹೆಚ್ಚಾಗುತ್ತದೆ ಎನ್ನುವುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ. ನನ್ನ ಈ ತಾಪತ್ರಯವೆಲ್ಲ ಹುಟ್ಟಿದ್ದು ಒಂದೇ ಒಂದು ನಿಜದಿಂದ. ಅದನ್ನು ಹೇಳಿದಾಗ ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಯೋಚನೆ ಮಾಡಿ ಹೇಳಿದ್ದಲ್ಲ.

ನಮ್ಮ ಅತ್ತೆ ಗೌರಮ್ಮನವರು ಧಾರಾವಾಹಿಗಳಲ್ಲಿ ಪಳಗಿದವರು. ಅಲ್ಲಿ ಯಾರು ವಿಷ ಕುಡಿದರೂ, ಯಾರ ಕಾರು ಪ್ರಪಾತಕ್ಕೆ ಬಿದ್ದರೂ ಅವರ ಬಾಯಿಯ ಎಲೆ ಅಡಿಕೆ ನಿಲ್ಲುತ್ತಿರಲಿಲ್ಲ. "ಬಿಡು, ನಾಳೆ ಎದ್ದು ಬರ್ತಾಳೆ" ಎನ್ನುತ್ತಿದ್ದರು, ಎದ್ದು ಬರುತ್ತಲೂ ಇದ್ದಳು. ಆ ಹೊತ್ತಿನಲ್ಲಿ ನಾನು ಪಕ್ಕದಲ್ಲಿ ಕಾಲು ಚಾಚಿ ಕೂತು, ಏನೂ ಯೋಚಿಸದೆ, ಯಾರಿಗೂ ಏನೂ ಕೊಡದೆ ಇರುತ್ತಿದ್ದೆ. ದಿನದಲ್ಲಿ ನನಗಿದ್ದ ವಿಶ್ರಾಂತಿ ಅಷ್ಟೆ. ಅದಕ್ಕೆ ಕಲ್ಲು ಬಿದ್ದದ್ದು ಯಜಮಾನರು ಕ್ರಿಕೆಟ್ಟಿನ ಆಸೆಗೆ ಟಿವಿಗೆ ಇಂಟರ್ನೆಟ್ ಹಾಕಿಸಿದ ಮೇಲೆ. ಒಂದು ಸಂಜೆ ಅತ್ತೆ ರಿಮೋಟಿನ ಮೇಲೆ ಕುಳಿತುಬಿಟ್ಟರು. ಟಿವಿ ಎಲ್ಲೆಲ್ಲೋ ಹೋಗಿ, ಬ್ರಿಟನ್ನಿನಲ್ಲಿ ಆ ವಾರ ಹೊಸದಾಗಿ ಬಂದ ಸಾಕ್ಷ್ಯಚಿತ್ರಗಳ ಸಾಲನ್ನು ತೆರೆದು, ಅದರಲ್ಲಿ ಮೊದಲನೆಯದನ್ನು ತಾನಾಗಿಯೇ ಶುರು ಮಾಡಿತು. ಉದ್ದನೆಯ ದೋಣಿಯೊಂದರೊಳಗೆ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದಳು.

"ಈಕಿಗೆ ಅತ್ತೆ ಕಾಟ ಐತೇನು?" ಎಂದು ಅತ್ತೆ ಕೇಳಿದರು.

"ಇದು ಧಾರಾವಾಹಿ ಅಲ್ರಿ ಅತ್ತೆ. ನಿಜವಾದ ಜನ, ನಿಜವಾದ ಮನೆ. ಅವ್ರು ಇರೋ ಹಂಗೇ ತೋರಿಸ್ತಾರೆ" ಎಂದೆ.

ಸ್ವಲ್ಪ ಹೊತ್ತಿನ ಮೇಲೆ ನಾನು ಅಡುಗೆಮನೆಯಿಂದ ಇಣುಕಿದರೆ, ಅತ್ತೆ ಚಾಚಿದ್ದ ಕಾಲು ಮಡಚಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಪರಸ್ಥಳದ ಬೀಗರ ಮನೆಯಲ್ಲಿ ಕೂತವರಂತೆ ಕೂತಿದ್ದರು. ಪರದೆಯ ಮೇಲೆ ಆ ಹೆಂಗಸಿನ ಗಂಡ ಬಂದಿದ್ದ.

ಅಂದಿನಿಂದ ನಮ್ಮ ಮನೆಗೆ ಬ್ರಿಟನ್ನಿನ ಬಾಧ್ಯತೆಗಳು ಗಂಟುಬಿದ್ದವು. ನಮ್ಮ ಕಡೆ ನೋಡಿ, ಒಬ್ಬರನ್ನು ಕಂಡೆವೆಂದರೆ ಕಂಡು ಬಿಟ್ಟುಬಿಡುವಂತಿಲ್ಲ. ಊಟ ಆಯಿತೇ ಎಂದು ಕೇಳಬೇಕು, ಮನೆಯಲ್ಲಿ ಹುಷಾರಿಲ್ಲದವರಿದ್ದರೆ ಮರುದಿನ ವಿಚಾರಿಸಬೇಕು. ಲೋಕಿಕೆರೆಯ ನೆಂಟರು, ಆನಗೋಡಿನ ನೆಂಟರು, ಓಣಿಯವರು, ಶಾಲೆಯವರು ಎಂದು ಇವೇ ನನಗೆ ಹೊರಲಾರದಷ್ಟಿವೆ. ಈಗ ಅತ್ತೆ ಟಿವಿ ಮುಂದೆ ತಿಂಡಿ ತಿನ್ನುವುದನ್ನೇ ಬಿಟ್ಟರು. "ಅವ್ರು ಬರೇ ಚಾ ಕುಡ್ಕಂಡು ಕುಂತಿದಾರೆ, ನಾನು ಮಂಡಕ್ಕಿ ತಿನ್ನಲೇನು?" ಎಂದರು. "ಅವ್ರಿಗೆ ನಾವು ಕಾಣಲ್ರಿ" ಎಂದೆ. "ನಮಗೆ ಅವ್ರು ಕಾಣ್ತಾರಲ್ಲ" ಎಂದರು. ಟಿವಿ ಆರಿಸುವ ಮೊದಲು "ಬರ್ತೀವ್ರಪ್ಪ, ಹೊತ್ತಾತು" ಎಂದು ಹೇಳಿಯೇ ಆರಿಸಬೇಕು. ನನಗೆ ನಿದ್ದೆಗಣ್ಣಾಗಿದ್ದ ದಿನ ಹೇಳದೆ ಆರಿಸಿದ್ದಕ್ಕೆ, ಮತ್ತೆ ಹಚ್ಚಿಸಿ, ಹೇಳಿ, ಆರಿಸಿದರು.

ಅತ್ತೆಗೆ ಇಂಗ್ಲಿಷ್ ಬಾರದು. ನನಗೆ ಬರುತ್ತದೆ ಎಂದು ಊರೆಲ್ಲ ನಂಬಿದೆ. ಆರನೇ ತರಗತಿಯ ಇಂಗ್ಲಿಷಿಗೂ ಆ ಜನ ಆಡುವ ಇಂಗ್ಲಿಷಿಗೂ ಮಾತುಕತೆಯೇ ಇಲ್ಲ. ಅವರ ಮಾತು ಅವರ ದೇಶದವರಿಗೇ ತಿಳಿಯುವುದಿಲ್ಲವೋ ಏನೋ, ಪುಣ್ಯಕ್ಕೆ ಕೆಳಗೆ ಅಕ್ಷರಗಳು ಬರುತ್ತವೆ. ನಾನು ಅವನ್ನು ಓದಿ ಕನ್ನಡದಲ್ಲಿ ಹೇಳುವಷ್ಟರಲ್ಲಿ ಮುಂದಿನವು ಬಂದಿರುತ್ತವೆ. ಓಡುವ ಬಸ್ಸಿನ ಬೋರ್ಡು ಓದಿದ ಹಾಗೆ. ಹೀಗೆ ವಾರವಿಡೀ ಓದಿದೆ. ಮಂಗಳವಾರ ಪರದೆಯ ಮೇಲೆ ಆಸ್ಪತ್ರೆ. ಅಲ್ಲಿ ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡ ಹುಡುಗಿಯೊಬ್ಬಳು ಅತ್ತೆಗೆ ಪರಿಚಯವಾದಳು. ಮರುದಿನ ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ "ಆ ಹುಡುಗಿ ಕೈ ಹೆಂಗೈತಂತೆ?" ಎಂದರು. "ಪರವಾಗಿಲ್ವಂತ್ರಿ" ಎಂದೆ. ನಿಜ ಹೇಳುವ ಟೀಚರು ನಾನು. ಬುಧವಾರ ಒಂದು ಮನೆಯವರ ಸಾಮಾನನ್ನೆಲ್ಲ ಹೊರಗೆ ತಂದು, ಮೈದಾನದಂಥ ಕೋಣೆಯಲ್ಲಿ ಚಮಚದಿಂದ ಮಂಚದವರೆಗೆ ಸಾಲಾಗಿ ಹರವಿ, ಬೇಕಾದದ್ದು ಬೇಡದ್ದು ಬೇರೆ ಮಾಡಿಸುತ್ತಿದ್ದರು. ಅತ್ತೆ ಬಾಯಿಗೆ ಸೆರಗಿಟ್ಟುಕೊಂಡು, "ಅಣ್ತಮ್ಮರು ಪಾಲಾಗ್ತಿದಾರೇನು? ಪಂಚರು ಯಾರೂ ಕಾಣವಲ್ರು" ಎಂದರು. ಮನೆ ಚೊಕ್ಕಟ ಮಾಡಲು ಅವರೇ ಕರೆಸಿಕೊಂಡದ್ದು ಎಂದು ನಾನೆಷ್ಟು ಹೇಳಿದರೂ ನಂಬಲಿಲ್ಲ. "ಒಂದೇ ಮನಿಯಾಗ ಇಷ್ಟೊಂದು ಚರಿಗಿ ಯಾಕಿರ್ತಾವೆ? ಅವು ಎಲ್ಡು ಒಲಿ ಚರಿಗಿ" ಎಂದು ಚೆಂಬುಗಳನ್ನು ಎಣಿಸಿ ನಿರ್ಣಯ ಕೊಟ್ಟರು.

ಯಜಮಾನರ ಹತ್ತಿರ ಹೇಳಿಕೊಂಡೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಬಂದವರು, ಮಲಗಿದಲ್ಲಿಂದಲೇ, "ನಿಜ ಅಂತ ಹೇಳಿದ್ದು ಯಾರು? ನನ್ನ ಕೇಳಿದ್ರೆ ಎಲ್ಲಾ ಸುಳ್ಳು ಅಂತಿದ್ದೆ, ಹೊಂಟೋಗಿರೋದು" ಎಂದರು. ಬಟ್ಟೆ ಅಂಗಡಿಯವರಿಗೆ ಬಣ್ಣ ಹೋಗುತ್ತದೋ ಇಲ್ಲವೋ ಎಂಬ ಪ್ರಶ್ನೆಗೆ ಉತ್ತರಿಸಿ ಅಭ್ಯಾಸವಿರುತ್ತದೆ.

ಇವರೆಲ್ಲರ ನಡುವೆ, ಆ ವಾರ ದಿನಾ ಸಂಜೆ ಬರುತ್ತಿದ್ದವನು ಕುರಿ ಅಜ್ಜ. ಎಲ್ಲೋ ಉತ್ತರದ ಬೋಳುಗುಡ್ಡಗಳಲ್ಲಿ ಕುರಿ ಸಾಕಿಕೊಂಡಿದ್ದ ಮುದುಕ. ಕುರಿಗಳು ಮರಿ ಹಾಕುವ ಕಾಲ. ಅಜ್ಜ ಬಗಲಲ್ಲಿ ಮರಿ ಇಟ್ಟುಕೊಂಡು, ನಾಯಿಯನ್ನು ಬೈಯುತ್ತ, ಕೆಮ್ಮುತ್ತ ಗುಡ್ಡ ಹತ್ತುತ್ತಿದ್ದ. ಎತ್ತರದ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆಗೆ ಅವನ ಮೇಲೆ ವಿಶೇಷ ಅಕ್ಕರೆ ಹುಟ್ಟಿತು. "ಕಂಬಳಿ ಇಲ್ದೆ ಅಡ್ಡಾಡ್ತಾನೆ ನೋಡು, ಕುರಿ ಇಟ್ಕಂಡು ಕಂಬಳಿ ಇಲ್ದೋನು ಇವನೊಬ್ಬನೇ" ಎಂದು ಬೈಯುವರು. ಅವನು ಕೆಮ್ಮಿದರೆ, "ಒಂದು ಲೋಟ ಶುಂಠಿ ಕಷಾಯ ಕುಡೀ ಅನ್ನು" ಎಂದು ನನಗೆ ಹೇಳುವರು, ನಾನು ಹೇಳಿದರೆ ಅವನು ಕೇಳಿಬಿಡುತ್ತಾನೆ ಎನ್ನುವ ಹಾಗೆ.

ಶುಕ್ರವಾರ ಅವನ ಕಥೆಗೆ ಆ ವಾರದ ಕೊನೆಯ ದಿನ. ಅಂದು ಶಾಲೆಯಲ್ಲಿ ತಪಾಸಣೆಯಿತ್ತು, ಬಂದವರಿಗೆ ಉಪ್ಪಿಟ್ಟು ಮಾಡಿಸುವುದೂ ನನ್ನ ಪಾಲಿಗೇ ಬಂದಿತ್ತು, ಸೊಂಟ ನೆಟ್ಟಗಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದೆ. ಅಜ್ಜ ಗುಡ್ಡದ ಮೇಲೆ ಒಬ್ಬನೇ ನಿಂತದ್ದು ನೆನಪಿದೆ. ಆಮೇಲೆ ಅತ್ತೆಯ ಮೊಣಕೈ ತಗುಲಿತು. ಪರದೆ ಕಪ್ಪಾಗಿತ್ತು. ನಡುವೆ ಅಜ್ಜನ ಭಾವಚಿತ್ರ, ಕೆಳಗೆ ಬಿಳಿ ಅಕ್ಷರ, ಹಿಂದೆ ಪಿಟೀಲು. ನಮ್ಮೂರಿನ ಸರ್ಕಲ್ಲುಗಳಲ್ಲಿ ಭಾವಪೂರ್ಣ ಶ್ರದ್ಧಾಂಜಲಿ ಎಂದು ಕಟ್ಟುತ್ತಾರಲ್ಲ, ಥೇಟ್ ಅದೇ ಫ್ಲೆಕ್ಸು.

"ಏನಾತು?" ಎಂದರು ಅತ್ತೆ.

"ಹೋಗಿಬಿಟ್ರು, ಅತ್ತೆ" ಎಂದೆ.

ಅತ್ತೆ ತಾವೇ ಟಿವಿ ಆರಿಸಿದರು. 'ಬರ್ತೀವ್ರಪ್ಪ' ಅನ್ನಲಿಲ್ಲ. ಸಾವಿನ ಮನೆಯಿಂದ ಏಳುವಾಗ ಬರ್ತೀವಿ ಅನ್ನುವ ಹಾಗಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದರು. ಬೆಳಗ್ಗೆ ನಾನು ತುಂಬಿಟ್ಟ ನೀರು.

ಇಲ್ಲಿ ಒಂದು ಮಾತು ಹೇಳಬೇಕು. ಹರಿಹರದಲ್ಲಿ ಅತ್ತೆಯ ತಂಗಿ ಗಂಗಮ್ಮನವರಿದ್ದಾರೆ, ನನಗೆ ಚಿಕ್ಕತ್ತೆ. ಹೆಣ್ಣುಮಕ್ಕಳಿಬ್ಬರಿಗೆ ಗಂಗೆ, ಗೌರಿ ಎಂದು ಹೆಸರಿಟ್ಟ ಆ ತಂದೆಗೆ ಮುಂದಿನದು ಕಾಣಬೇಕಿತ್ತು. ಚಿಕ್ಕತ್ತೆಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದ ದಿನ, ಕಿವಿಯಲ್ಲಿ ಹೆಸರು ಕೂಗಲು ಹಿರಿಯಳಾದ ತನ್ನನ್ನು ಬಿಟ್ಟು ಬೀಗಿತಿಯನ್ನು ಕರೆದರು ಎಂದು ನಮ್ಮ ಅತ್ತೆ ಹೋಳಿಗೆ ಊಟ ಬಿಟ್ಟು ಎದ್ದು ಬಂದವರು, ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ಆ ಮುನಿಸಿನಲ್ಲಿರುವಾಗಲೇ ಎಂಟು ತಿಂಗಳ ಹಿಂದೆ ಚಿಕ್ಕಮಾವ ತೀರಿಕೊಂಡರು. ನಾನೂ ಯಜಮಾನರೂ ಹೋಗಿ ಬಂದೆವು. ಅತ್ತೆ ಮಂಡಿನೋವು ಎಂದರು. ಮಂಡಿ ನಿಜಕ್ಕೂ ನೋಯುತ್ತಿತ್ತು, ಅದೂ ಸುಳ್ಳಲ್ಲ. ಆದರೆ ಸಾವಿನ ಮನೆಯವರನ್ನು ಮಾತಾಡಿಸಿಕೊಂಡು ಬರುವುದಕ್ಕೆ ನಮ್ಮಲ್ಲಿ ಒಂದು ಹೊತ್ತಿರುತ್ತದೆ. ಅದು ದಾಟಿದರೆ ಹೋಗಲು ಮುಖವಿರುವುದಿಲ್ಲ, ಹೋಗದಿರಲು ಕಾರಣವೂ ಇರುವುದಿಲ್ಲ. ಅತ್ತೆ ಎಂಟು ತಿಂಗಳಿಂದ ಅಲ್ಲಿ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಹರಿಹರ ಎನ್ನುವ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದರು. ಚಿಕ್ಕತ್ತೆಗೂ ಎಪ್ಪತ್ತು ದಾಟಿದೆ. ಒಬ್ಬರ ಮುಖ ಒಬ್ಬರು ನೋಡದೆ ಇಬ್ಬರಲ್ಲಿ ಒಬ್ಬರು ಹೊರಟುಹೋದರೆ ಏನು ಗತಿ ಎಂದು ನಾನೂ ಯಜಮಾನರೂ ಎಷ್ಟೋ ಸಲ ಮಾತಾಡಿಕೊಂಡಿದ್ದೆವು, ಮೆಲ್ಲಗೆ.

ಶನಿವಾರ ಬೆಳಗ್ಗೆ ನಾನು ಶಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅತ್ತೆ ತಿಂಡಿ ಮುಟ್ಟಿರಲಿಲ್ಲ.

"ಆ ಹೆಂಗಸಿಗೆ ಬುತ್ತಿ ಯಾರು ಒಯ್ತಾರೆ? ಒಲೆ ಹಚ್ಚಿರಲ್ಲ. ಹೋಗಿ ಮಾತಾಡಿಸಿ ಬರ್ಬೇಕಲ್ಲ" ಎಂದರು.

"ಅದು ಬ್ರಿಟನ್ನು, ಅತ್ತೆ."

"ಗೊತ್ತೈತೆ. ಅಲ್ಲಿಗೆ ಹೋಗಾಕಾಗಲ್ಲ. ಹೋಗಾಕಾಗದಿದ್ರೆ ಏನು ಮಾಡ್ಬೇಕು?"

ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಸಿಗುತ್ತಿರಲಿಲ್ಲ. "ಹೋಗಾಕಾಗೋ ಕಡಿಗಾದ್ರೂ ಹೋಗ್ರಿ" ಎಂದುಬಿಟ್ಟೆ.

ಬಾಯಿಂದ ಬಿದ್ದ ಮೇಲೆ ತಿಳಿಯಿತು ಏನಂದೆ ಎಂದು. ಅತ್ತೆ ಗೋಡೆ ನೋಡಿದರು. ಇನ್ನು ಎರಡು ದಿನ ಮಾತಿರುವುದಿಲ್ಲ, ಮುನಿದವರನ್ನು ಒಲಿಸಲು ಬೇರೆ ಅಡುಗೆ ಮಾಡಬೇಕು ಎಂದುಕೊಂಡು ಶಾಲೆಗೆ ಹೋದೆ. ಆದರೆ ಭಾನುವಾರ ನಾನು ಏಳುವ ಹೊತ್ತಿಗೆ ಅತ್ತೆಯೇ ಒಲೆಯ ಮುಂದಿದ್ದರು. ರೊಟ್ಟಿ, ಮೊಸರನ್ನ, ಶೇಂಗಾ ಚಟ್ನಿ ಬಿಳಿ ಪಂಚೆಯಲ್ಲಿ ಗಂಟು ಕಟ್ಟಿತ್ತು. "ಹರಿಹರದ ಬಸ್ಸು ಎಷ್ಟೊತ್ತಿಗೈತೆ?" ಎಂದರು, ನನ್ನನ್ನಲ್ಲ, ಗಂಟನ್ನು ಕೇಳಿದ ಹಾಗೆ. ಯಜಮಾನರು "ಅಕ್ಕ ತಂಗಿ ನಡುವೆ ನಾನು ಬರಂಗಿಲ್ಲ" ಎಂದು ಮುಸುಕೆಳೆದರು.

ಹರಿಹರದಲ್ಲಿ ಹೊಳೆಯ ಕಡೆಗಿರುವ ಓಣಿಯಲ್ಲಿ ಚಿಕ್ಕತ್ತೆಯ ಮನೆ. ಮಗ ಸೊಸೆ ಎಲ್ಲೋ ಮದುವೆಗೆ ಹೋಗಿದ್ದರು. ಚಿಕ್ಕತ್ತೆ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ತಲೆ ಎತ್ತಿ ಅಕ್ಕನನ್ನು ನೋಡಿ, ನನಗೆ ಹೇಳಿದರು: "ಏನು ಸುಮಾ, ದಾರಿ ತಪ್ಪಿ ಬಂದೀರೇನು? ಕುಂದ್ರಿ."

ಕೂತೆವು. ಎದುರಿನ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಚಿಕ್ಕಮಾವನ ಫೋಟೊ. ಅತ್ತೆ ತೊಲೆ ನೋಡಿದರು, ಕ್ಯಾಲೆಂಡರ್ ನೋಡಿದರು, ಹೊರಗೆ ಮಲಗಿದ್ದ ನಾಯಿ ನೋಡಿದರು. ಆ ಗೋಡೆಯನ್ನು ಮಾತ್ರ ನೋಡಲಿಲ್ಲ. ಹುಣಸೆ ಬೀಜ ಒಂದೊಂದಾಗಿ ತಟ್ಟೆಗೆ ಬೀಳುತ್ತಿದ್ದವು. ಕೊನೆಗೆ ಚಿಕ್ಕತ್ತೆಯೇ ಕೇಳಿದರು.

"ಅದೇನು ಗಂಟು?"

"ಬುತ್ತಿ" ಎಂದರು ಅತ್ತೆ.

"ಬುತ್ತಿ ಯಾಕೆ? ಯಾರು ಹೋದ್ರು?"

ಕೇಳಿದ ದನಿಯಲ್ಲಿ ಎಂಟು ತಿಂಗಳ ಖಾರವಿತ್ತು. ಅತ್ತೆ ಗಂಟನ್ನು ಮಡಿಲಿಗೆ ಎಳೆದುಕೊಂಡರು. "ಒಬ್ಬ ಕುರಿ ಅಜ್ಜ. ಲಂಡನ್ ಕಡೇನು" ಎಂದರು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಚಿಕ್ಕತ್ತೆಯ ಕೈ ನಿಂತಿತು. ಅಕ್ಕನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಓಣಿಯವರ ಸುದ್ದಿ ಕೇಳುವಂತೆ ಕೇಳಿದರು.

"ಏನಾಗಿತ್ತು ಅವ್ನಿಗೆ?"

"ಕೆಮ್ಮು."

"ಇವ್ರಿಗೂ ಕೆಮ್ಮಿನಿಂದ್ಲೇ ಶುರುವಾತು" ಎಂದರು ಚಿಕ್ಕತ್ತೆ. "ಹೆಂಡ್ತಿ ಇದಾಳೇನು?"

"ಇದಾಳೆ. ಅವ್ನು ಹೊರಗ್ ಹೋದ್ರೆ ಬಾಗಿಲಾಗೇ ನಿಂತಿರ್ತಾಳೆ."

"ಮಾತಾಡ್ಸಾಕೆ ಯಾರಾರ ಬಂದ್ರಂತೇನು?"

"ಬಂದಿರ್ತಾರೆ, ಊರೋರು. ಒಡಹುಟ್ಟಿದೋಳು ಒಬ್ಬಾಕಿ ಬಂದಿರ್ಲಿಕ್ಕಿಲ್ಲ."

"ಯಾಕಂತೆ?"

"ಸೊಕ್ಕು" ಎಂದರು ಅತ್ತೆ. ಆಗ ಗೋಡೆಯ ಕಡೆ ನೋಡಿದರು.

"ಹೆಂಡ್ತಿ ಬಾಗಿಲಾಗೆ ನಿಂತಿರ್ತಾಳೆ ಅಂದ್ಯಲ್ಲ. ಆಕಿ ಬರ್ತಾಳೇನೋ ಅಂತ ನಿಂತಿರ್ತಾಳೆ" ಎಂದು ಚಿಕ್ಕತ್ತೆ ಹುಣಸೆಹಣ್ಣಿನ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಹುಳಿ ಕಣ್ಣಿಗೆ ಹೋಗಿ ಇನ್ನೂ ನೀರು ಬಂತು. ಅತ್ತೆ ಎದ್ದು ಹೋಗಿ ತಂಗಿಯ ಪಕ್ಕ ಕೂತು ತಮ್ಮ ಸೆರಗಿನಿಂದ ಒರೆಸಿದರು. ಆಮೇಲೆ ಇಬ್ಬರೂ ಅತ್ತರು, ಓಣಿಯವರು ಬಂದು ಇಣುಕುವಷ್ಟು. ಯಾರು ಹೋದದ್ದು ಎಂದು ಕೇಳಿದವರಿಗೆ ದೂರದವರು ಎಂದೆ. ಆ ಅಜ್ಜನಿಗಾಗಿ ಅವನ ಊರಿನಲ್ಲೂ ಯಾರೂ ಇಷ್ಟು ಮನಸಾರೆ ಅತ್ತಿರಲಾರರು.

ಬುತ್ತಿ ಬಿಚ್ಚಿ ಮೂವರೂ ಉಂಡೆವು. ಹೊರಡುವಾಗ ಅತ್ತೆ ಪದ್ಧತಿಯಂತೆ ಸುಮ್ಮನೆ ಎದ್ದರು. ಚಿಕ್ಕತ್ತೆ, "ಎಂಟು ತಿಂಗಳಾತು. ಈಗ ಬರ್ತೀನಿ ಅಂದ್ರೆ ಏನೂ ಆಗಲ್ಲ. ಅನ್ನು" ಎಂದರು.

"ಬರ್ತೀನಿ" ಎಂದರು ಅತ್ತೆ.

"ನಿಂದ್ರು ಹಂಗಾದ್ರೆ, ನಾನೂ ಬರ್ತೀನಿ. ಆ ಹೆಂಗಸು ಒಬ್ಬಾಕಿನೇ ಕುರಿ ಹೆಂಗೆ ನೋಡ್ಕಂತಾಳೋ ನೋಡ್ಬೇಕು" ಎಂದು ಚಿಕ್ಕತ್ತೆ ಚೀಲಕ್ಕೆ ಎರಡು ಸೀರೆ ಹಾಕಿಕೊಂಡರು.

ಹೀಗೆ ಒಬ್ಬರಿಗೆ ಓದಿ ಹೇಳುತ್ತಿದ್ದ ನಾನು ಈಗ ಇಬ್ಬರಿಗೆ ಓದಿ ಹೇಳುತ್ತೇನೆ. ಸಂತೋಷವಾಯಿತೇ ಎಂದರೆ ಆಯಿತು. ಸುಸ್ತಾಯಿತೇ ಎಂದರೆ ಅದೂ ಆಯಿತು. ಸಂತೋಷವಾದಾಗ ಸುಸ್ತು ಕಡಿಮೆಯಾಗುತ್ತದೆ ಎನ್ನುವವರು ಮನೆಯಲ್ಲಿ ರೊಟ್ಟಿ ತಟ್ಟುವುದಿಲ್ಲ.

ನಿನ್ನೆ ಸೋಮವಾರ ಎಂಟು ಗಂಟೆಗೆ ಈ ವಾರದ ಹೊಸ ಸಾಲು ಬಂತು. ಮೊದಲನೆಯದೇ ಆ ಕುರಿ ಗುಡ್ಡದ ಮುಂದಿನ ಭಾಗ. ಅಕ್ಕ ತಂಗಿ ಸೆರಗು ಹೊದ್ದು, ಆ ವಿಧವೆಯನ್ನು ಕಾಣಲು ಸಿದ್ಧರಾಗಿ ಕೂತರು. ಬಾಗಿಲು ತೆರೆಯಿತು. ಕುರಿ ಅಜ್ಜ ಹೊರಗೆ ಬಂದು ನಾಯಿಯನ್ನು ಬೈದ.

ಅದರ ಬೆನ್ನಿಗೇ ಹಿಂದಿನ ವಾರದ ಕೊನೆಯಲ್ಲಿದ್ದ ಕಪ್ಪು ಪರದೆಯನ್ನೇ ಮತ್ತೊಮ್ಮೆ ತೋರಿಸಿದರು. ಈ ಸಲ ಎಚ್ಚರವಾಗಿದ್ದೆ, ಪೂರ್ತಿ ಓದಿದೆ. ಅಜ್ಜ ದೊಡ್ಡ ಹಿಂಡನ್ನು ಮಗಳಿಗೆ ಒಪ್ಪಿಸಿದ್ದಾನೆ, ಕೆಮ್ಮು ವಾಸಿಯಾಗಿದೆ, ಈಗ ಕೆಲವೇ ಕುರಿಗಳನ್ನು ಇಟ್ಟುಕೊಂಡು ಆರಾಮಾಗಿದ್ದಾನೆ. ಅಷ್ಟೇ ಬರೆದದ್ದು. ಶುಕ್ರವಾರ ನಾನು ನಿದ್ದೆಯಿಂದ ಎದ್ದು, ಫೋಟೊ ನೋಡಿ, ಆರೋಗ್ಯವಂತನೊಬ್ಬನನ್ನು ಕೊಂದುಹಾಕಿದ್ದೆ.

"ಅಕ್ಕ, ಹೋದೋನು ಇವ್ನೇ ಅಲ್ಲೇನು?" ಎಂದರು ಚಿಕ್ಕತ್ತೆ.

"ಹೂಂ, ಇವ್ನೇ" ಎಂದರು ಅತ್ತೆ. "ಹೋದೋರು ಟಿವಿಯಾಗ ಬರ್ತಿರ್ತಾರೆ. ಹಳೇದು ಹಾಕಿರ್ತಾರೆ. ಸುಮಾ, ಹಳೇದಲ್ಲೇನು ಇದು?"

ನಿಜ ಹೇಳಬಹುದಿತ್ತು. ಹೇಳಿದ್ದರೆ ಹರಿಹರದಲ್ಲಿ ಅತ್ತದ್ದು ಯಾರಿಗಾಗಿ ಎಂದು ಇಬ್ಬರೂ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಬಾಯಿಬಿಟ್ಟು ಹೇಳಲಾರದ್ದಕ್ಕೇ ಅಲ್ಲವೇ ಎಂಟು ತಿಂಗಳು ಹೋದದ್ದು. "ಹೌದ್ರಿ, ಹಳೇದು" ಎಂದೆ.

"ಪಾಪ, ಎಷ್ಟು ಗಟ್ಟಿ ಇದ್ದ ನೋಡು" ಎಂದರು ಚಿಕ್ಕತ್ತೆ.

ನಾನು ಒಲೆ ಹಚ್ಚಲು ಎದ್ದೆ. ಅತ್ತೆ ನೀರಿನ ನೆಪದಲ್ಲಿ ಹಿಂದೆ ಬಂದು, ಚೆಂಬು ಮುಳುಗಿಸುತ್ತ, ಮೆಲ್ಲಗೆ ಹೇಳಿದರು: "ಅವತ್ತು ನೀನು ಗೊರಕೆ ಹೊಡೀತಿದ್ದಿ. ಎಬ್ಬಿಸಿದ್ದು ನಾನೇ."

"ಮತ್ತೆ ನನ್ನ ಮಾತು ಯಾಕೆ ನಂಬಿದ್ರಿ? ಅಷ್ಟೊಂದು ಯಾಕೆ ಅತ್ರಿ?"

"ಅಳೋದು ಇತ್ತು" ಎಂದು ಚೆಂಬು ಹಿಡಿದು ಹೋದರು.

ನಿನ್ನೆ ಊಟಕ್ಕೆ ಬಿಸಿ ರೊಟ್ಟಿ, ಬೆಳಗಿನ ಎಣಗಾಯಿ, ನವಣೆ ಅನ್ನ, ಮಜ್ಜಿಗೆ. ಚಿಕ್ಕತ್ತೆ ತಂದಿದ್ದ ಹುಣಸೆಹಣ್ಣಿನಲ್ಲಿ ಸಾರು ಮಾಡಿದ್ದೆ. ಯಜಮಾನರು ಎರಡು ಸಲ ಹಾಕಿಸಿಕೊಂಡು, ಹುಳಿ ಜಾಸ್ತಿಯಾಯಿತು ಎಂದರು. ಮೊದಲು ಮಲಗಿದವಳು ನಾನೇ ಅಂತೆ, ಅದೂ ಟಿವಿಯ ಮುಂದೆ, ಗೋಡೆಗೆ ಒರಗಿಕೊಂಡು. ಯಾರೂ ಮೊಣಕೈ ತಗುಲಿಸಲಿಲ್ಲ. ಆಮೇಲೆ ಅಲ್ಲಿ ಏನೇನಾಯಿತು ಎಂದು ಇವತ್ತು ಬೆಳಗ್ಗೆ ಅಕ್ಕ ತಂಗಿಯೇ ನನಗೆ ಹೇಳಿದರು. ಇಂಗ್ಲಿಷಿನ ಒಂದಕ್ಷರವೂ ಬಾರದ ಅವರ ವರದಿಯಲ್ಲಿ ಯಾರೂ ಸತ್ತಿರಲಿಲ್ಲ.